ಗೇಮ್ ಬಾರ್‌ಗೆ ಜನರಿಂದ ದುಡ್ಡು ಎತ್ತಬಹುದಾ? ಪದೇ ಪದೇ ಕೇಳುವ ಪ್ರಶ್ನೆಗಳು

ಬಾರ್, ಹೋಟೆಲ್‌ಗಳ ಲೆಕ್ಕ ನೋಡುವುದು ನನ್ನ ಕೆಲಸ. ಜೊತೆಗೆ ಹಳೇ ವಿಡಿಯೋ ಗೇಮ್ ಮಷೀನ್‌ಗಳ ಹುಚ್ಚು. ಹಾಗಾಗಿ ಬೆಂಗಳೂರಲ್ಲಿ ಗೇಮ್ ಬಾರ್, ಅಂದರೆ ಕುಡಿಯುತ್ತಾ ವಿಡಿಯೋ ಗೇಮ್ ಆಡುವ ಬಾರ್ ಮಾಡುವ ಕನಸು ಕಾಣುವವರು ಯಾರೋ ಹೇಳಿದರು ಅಂತ ಒಂದಲ್ಲ ಒಂದು ದಿನ ನನ್ನ ಟೇಬಲ್ ಮುಂದೆ ಬಂದು ಕೂರುತ್ತಾರೆ. ಬಂದವರೆಲ್ಲ ಹೆಚ್ಚುಕಡಿಮೆ ಇವೇ ಪ್ರಶ್ನೆ ಕೇಳುತ್ತಾರೆ. ಕಾನೂನಿನ ವಿಷಯದಲ್ಲಿ ಇಲ್ಲಿರುವುದು ದಾರಿ ಗೊತ್ತಾಗಲಿ ಅನ್ನುವಷ್ಟು ಮಾತ್ರ. ಸಹಿ ಹಾಕುವ ಮುಂಚೆ ನಿಮ್ಮ ಆಡಿಟರ್‌ಗೂ ವಕೀಲರಿಗೂ ತೋರಿಸಿ.

ಒಂದೇ ಮಾತಲ್ಲಿ ಹೇಳಿ. ಕ್ರೌಡ್‌ಫಂಡ್ (ತುಂಬಾ ಜನರಿಂದ ಸ್ವಲ್ಪ ಸ್ವಲ್ಪ ದುಡ್ಡು ಎತ್ತೋದು) ಮಾಡೋದಾ, ಬೇಡ್ವಾ?

ಬಾರ್‌ಗೆ ಬೇಡ. ಬಾರ್ ಒಳಗಿನ ಆಟಕ್ಕೆ ಮಾಡಿ. ಲೈಸೆನ್ಸ್, ಅಡ್ವಾನ್ಸ್, ಇಂಟೀರಿಯರ್, ಸಂಬಳ ಇದಕ್ಕೆಲ್ಲ ಊರಿನವರ ದುಡ್ಡು ಎತ್ತಬೇಡಿ. ಮಷೀನ್, ಟಿವಿ, ಕಂಟ್ರೋಲರ್, ಗೇಮ್ ನೈಟ್ ಇದಕ್ಕೆ ಎತ್ತಬಹುದು. ಯಾಕೆ ಅನ್ನುವುದು ಮುಂದೆ ಓದಿದ ಹಾಗೆ ಗೊತ್ತಾಗುತ್ತದೆ.

ಗೇಮ್ ಬಾರ್ ಅಂದ್ರೆ ಹೊಸ ಟ್ರೆಂಡಾ?

ಹೊಸದೇನಲ್ಲ. ವಿಡಿಯೋ ಗೇಮ್ ವ್ಯಾಪಾರ ಕಣ್ಣುಬಿಟ್ಟಿದ್ದೇ ಬಾರ್‌ನಲ್ಲಿ. 1972ರಲ್ಲಿ ಅಟಾರಿ ಕಂಪನಿ ತನ್ನ 'ಪಾಂಗ್' ಮಷೀನನ್ನು ಮೊದಲು ಇಟ್ಟಿದ್ದು ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿದ್ದ ಆಂಡಿ ಕ್ಯಾಪ್ಸ್ ಟ್ಯಾವರ್ನ್ ಅನ್ನುವ ಬಾರ್‌ನಲ್ಲಿ. ಸ್ವಲ್ಪ ದಿನಕ್ಕೇ ಮಷೀನ್ ಕೆಟ್ಟಿದೆ ಅಂತ ಫೋನ್ ಬಂತು. ಆಟ ಮಾಡಿದ ಎಂಜಿನಿಯರ್ ಅಲನ್ ಆಲ್ಕಾರ್ನ್ ಹೋಗಿ ಬಿಚ್ಚಿ ನೋಡಿದರೆ ಕೆಟ್ಟಿದ್ದು ಏನೂ ಇಲ್ಲ. ನಾಣ್ಯದ ಡಬ್ಬ ತುಂಬಿ ಉಕ್ಕಿ ಹೊಸ ನಾಣ್ಯ ಒಳಗೆ ಹೋಗುತ್ತಿರಲಿಲ್ಲ. ಈ ಕತೆ ಕೇಳಿದವರೆಲ್ಲ ಅಲ್ಲಿಗೇ ಬಾರ್ ಹಾಕಲು ಹೊರಡುತ್ತಾರೆ. ಆ ಬಾರ್ ಮಷೀನ್‌ಗೂ ಮುಂಚೆಯೇ ನಡೆಯುತ್ತಿತ್ತು, ಗಿರಾಕಿಗಳು ಮೊದಲೇ ಇದ್ದರು ಅನ್ನುವುದನ್ನು ಮಾತ್ರ ಯಾರೂ ಗಮನಿಸುವುದಿಲ್ಲ.

ಈಗಿನ ರೂಪದ ಗೇಮ್ ಬಾರ್ ಹೆಸರು ಮಾಡಿದ್ದು 2004ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಶುರುವಾದ 'ಬಾರ್ಕೇಡ್'ನಿಂದ. 2012ರಲ್ಲಿ ಪ್ಯಾರಿಸ್‌ನಲ್ಲಿ ಇ-ಸ್ಪೋರ್ಟ್ಸ್ (ವಿಡಿಯೋ ಗೇಮ್ ಪಂದ್ಯಗಳ) ಬಾರ್ ಅಂತ 'ಮೆಲ್ಟ್‌ಡೌನ್' ಬಂತು, ಆಮೇಲೆ ಬೇರೆ ದೇಶಗಳಿಗೂ ಹರಡಿತು.

ಚೆನ್ನಾಗಿ ನಡೆಯುತ್ತೆ ಅಂತಾಯ್ತು. ಮತ್ತೆ ಯಾಕೆ ಹೆದರಿಸ್ತೀರಿ?

ಮುಚ್ಚಿದವರೂ ಇದ್ದಾರಲ್ಲ. ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ 2010ರಲ್ಲಿ 'ಮಾನಾ ಬಾರ್' ಶುರುವಾಯಿತು. ಗೇಮ್ ವಿಮರ್ಶೆಯಲ್ಲಿ ಜಗತ್ತಿಗೇ ಗೊತ್ತಿದ್ದ ಬೆನ್ ಕ್ರೋಶಾ ಅದರ ಪಾಲುದಾರರಲ್ಲಿ ಒಬ್ಬರು. ಅದಕ್ಕಿಂತ ದೊಡ್ಡ ಪ್ರಚಾರ ದುಡ್ಡು ಕೊಟ್ಟರೂ ಸಿಗುವುದಿಲ್ಲ. ಮೆಲ್ಬರ್ನ್‌ನಲ್ಲಿ ಇನ್ನೊಂದು ಶಾಖೆ ಮಾಡಿದರು. ಅದು ಮುಚ್ಚಿತು. 2015ರಲ್ಲಿ ಬ್ರಿಸ್ಬೇನಿನದ್ದೂ ಮುಚ್ಚಿತು. ಲಾಸ್ ವೇಗಸ್‌ನಲ್ಲಿ 2011ರಲ್ಲಿ ಭರ್ಜರಿಯಾಗಿ ಶುರುವಾದ 'ಇನ್ಸರ್ಟ್ ಕಾಯಿನ್ಸ್' ಕೂಡ 2015ರಲ್ಲೇ ಬಾಗಿಲು ಹಾಕಿತು.

ಫ್ಯಾನ್‌ಗಳು ಇರುವುದೇ ಬೇರೆ, ಮಂಗಳವಾರ ರಾತ್ರಿ ಎಂಟು ಗಂಟೆಗೆ ಬಂದು ಬಿಲ್ ಮಾಡುವ ಗಿರಾಕಿಗಳೇ ಬೇರೆ. ಕ್ರೌಡ್‌ಫಂಡಿಂಗ್‌ನಲ್ಲಿ ನಿಮಗೆ ಸಿಗುವುದು ಮೊದಲನೆಯವರ ಲೆಕ್ಕ.

ಆಟ ಇದ್ರೆ ಜನ ಜಾಸ್ತಿ ಹೊತ್ತು ಕೂರ್ತಾರೆ. ಜಾಸ್ತಿ ಕುಡೀತಾರೆ ಅಲ್ವಾ?

ಜಾಸ್ತಿ ಹೊತ್ತು ಕೂರುತ್ತಾರೆ, ಅದು ನಿಜ. ಕುಡಿಯುವುದು ಕಮ್ಮಿ. ಎರಡೂ ಕೈ ಕಂಟ್ರೋಲರ್ ಮೇಲಿದ್ದರೆ ಗ್ಲಾಸ್ ಎತ್ತಲು ಯಾವ ಕೈ ಉಳಿಯಿತು? 'ಟೆಕ್ಕೆನ್' ಆಡುತ್ತಾ ಕೂತ ನಾಲ್ಕು ಹುಡುಗರ ಟೇಬಲ್ ನೋಡಿ. ಬಿಯರ್ ಬಿಸಿಯಾಗಿರುತ್ತದೆ, ಗೋಬಿ ಮಂಚೂರಿ ಆರಿ ಹೋಗಿರುತ್ತದೆ, ಸಪ್ಲೈಯರ್ ಎರಡು ಸಲ ಬಂದು ಹೋಗಿರುತ್ತಾನೆ.

ಮಾತಿಗೆ ಒಂದು ಲೆಕ್ಕ ಹಾಕೋಣ. ಈ ಅಂಕಿಗಳನ್ನು ತೆಗೆದು ನಿಮ್ಮ ಅಂಕಿ ಹಾಕಿಕೊಳ್ಳಿ. ತಿಂಗಳಿಗೆ ಬಾಡಿಗೆ 3 ಲಕ್ಷ, ಸಂಬಳ 4 ಲಕ್ಷ, ಕರೆಂಟು-ನೀರು-ಇತರೆ 1 ಲಕ್ಷ. ಒಟ್ಟು 8 ಲಕ್ಷ. ನೂರು ರೂಪಾಯಿ ಬಿಲ್ ಆದರೆ ಮಾಲಿನ ಖರ್ಚು ಕಳೆದು 60 ಉಳಿಯುತ್ತದೆ ಅಂದುಕೊಳ್ಳಿ. ಅಲ್ಲಿಗೆ 8 ಲಕ್ಷ ಹುಟ್ಟಬೇಕಾದರೆ 13.33 ಲಕ್ಷದ ಬಿಲ್ ಆಗಬೇಕು. ತಲೆಗೆ 800 ರೂಪಾಯಿ ಅಂದರೆ ತಿಂಗಳಿಗೆ 1,667 ಜನ.

ನಿಮ್ಮಲ್ಲಿ 40 ಸೀಟು. ಶುಕ್ರ, ಶನಿ, ಭಾನುವಾರ ಎರಡು ಸುತ್ತು ತುಂಬುತ್ತದೆ, ಮಿಕ್ಕ ದಿನ ಒಂದೇ ಸುತ್ತು. ಮೂವತ್ತು ದಿನದ ತಿಂಗಳಲ್ಲಿ ಅಂಥ 12 ರಜಾ ಸಂಜೆಗೆ 960 ಜನ, ಉಳಿದ 18 ದಿನಕ್ಕೆ 720. ಒಟ್ಟು 1,680. ಅಂದರೆ ಒಂದು ದಿನವೂ ಬಿಡದೆ ಹೌಸ್‌ಫುಲ್ ಆದರೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಈಗ ಮಷೀನ್ ಇಡಲು ಎಂಟು ಸೀಟು ತೆಗೆಯಿರಿ. ಉಳಿಯುವುದು 32 ಸೀಟು, 1,344 ಜನ. ಕಮ್ಮಿಯಾದ ಆ ಜನರಿಂದ ಮಾಲಿನ ಖರ್ಚು ಕಳೆದು ಉಳಿಯಬೇಕಿದ್ದ ದುಡ್ಡು ಸುಮಾರು 1.6 ಲಕ್ಷ. ಅದನ್ನು ಮಷೀನ್‌ಗಳೇ ದುಡಿದು ಕೊಡಬೇಕು. ದಿನಕ್ಕೆ ಐದು ಸಾವಿರಕ್ಕೂ ಜಾಸ್ತಿ.

ಆಟ ಫ್ರೀ, ದುಡ್ಡು ಕುಡಿತದಲ್ಲಿ ಅನ್ನುವ ಪ್ಲಾನ್ ತಂದವರಿಗೆ ನಾನು ಮೊದಲು ತೋರಿಸುವುದು ಈ ಲೆಕ್ಕ. ಅರ್ಧದಷ್ಟು ಜನ ಕಾಫಿ ಮುಗಿಸಿ ಎದ್ದು ಹೋಗುತ್ತಾರೆ. ಉಳಿದವರ ಜೊತೆ ಮಾತು ಮುಂದುವರಿಯುತ್ತದೆ.

ಕನ್ನಡದಲ್ಲಿ ಜನರ ದುಡ್ಡಲ್ಲೇ ಸಿನಿಮಾ ಮಾಡಿ ಗೆದ್ದಿಲ್ವಾ? ಬಾರ್ ಯಾಕೆ ಆಗಲ್ಲ?

'ಲೂಸಿಯಾ' ಉದಾಹರಣೆ ಬರದೆ ಈ ಮಾತುಕತೆ ಮುಗಿಯುವುದೇ ಇಲ್ಲ. ನಿಜ, ಪವನ್ ಕುಮಾರ್ ಅವರು 27 ದಿನದಲ್ಲಿ 110 ಜನರಿಂದ 51 ಲಕ್ಷ ಎತ್ತಿದರು. 2013ರಲ್ಲಿ ಸಿನಿಮಾ ತೆರೆಗೆ ಬಂತು, ಗೆದ್ದಿತು. ಆದರೆ ಸಿನಿಮಾಕ್ಕೆ ಒಂದು ಕೊನೆ ಇದೆ. ಶೂಟಿಂಗ್ ಮುಗಿಯುತ್ತದೆ, ಬಿಡುಗಡೆ ಆಗುತ್ತದೆ, ದುಡ್ಡು ಬಂತೋ ಹೋಯಿತೋ ಗೊತ್ತಾಗಿಬಿಡುತ್ತದೆ. ಬಾರ್ ಹಾಗಲ್ಲ. ಓಪನಿಂಗ್ ದಿನ ಖರ್ಚು ಮುಗಿಯುವುದಿಲ್ಲ, ಶುರುವಾಗುತ್ತದೆ. ಪ್ರತಿ ತಿಂಗಳು ಐದನೇ ತಾರೀಖು ಓನರ್ ಬಾಡಿಗೆ ಕೇಳುತ್ತಾರೆ. ಎರಡನೇ ವರ್ಷ ಏಸಿ ಕಂಪ್ರೆಸರ್ ಸುಟ್ಟರೆ ಮತ್ತೆ ಆ 110 ಜನರ ಮನೆ ಬಾಗಿಲಿಗೆ ಹೋಗಲಾಗುತ್ತದೆಯೇ?

ದುಡ್ಡು ಕೊಟ್ಟವರಿಗೆಲ್ಲ ಶೇರ್ ಕೊಟ್ರೆ?

ಇಲ್ಲೇ ಎಲ್ಲರೂ ಎಡವುವುದು. ಬ್ರಿಟನ್‌ನಲ್ಲಿ ವೆಬ್‌ಸೈಟ್ ಮೂಲಕ ಸಾರ್ವಜನಿಕರಿಗೆ ಶೇರ್ ಮಾರಿ ದುಡ್ಡು ಎತ್ತಬಹುದು. ನಮ್ಮಲ್ಲಿ ಹಾಗಿಲ್ಲ. ಶೇರು ಮಾರುಕಟ್ಟೆಯ ನಿಯಂತ್ರಕ ಸಂಸ್ಥೆ ಸೆಬಿ 2014ರಲ್ಲಿ ಕ್ರೌಡ್‌ಫಂಡಿಂಗ್ ಬಗ್ಗೆ ಚರ್ಚಾಪತ್ರ ಹೊರತಂದಿತು, ಅದು ನಿಯಮವಾಗಿ ಜಾರಿಗೆ ಬರಲಿಲ್ಲ. 2016ರಲ್ಲಿ ಅನುಮತಿ ಇಲ್ಲದ ಆನ್‌ಲೈನ್ ವೇದಿಕೆಗಳಲ್ಲಿ ಹಣ ಹೂಡಬೇಡಿ ಅಂತ ಎಚ್ಚರಿಕೆಯನ್ನೂ ಕೊಟ್ಟಿತು.

ಪ್ರೈವೇಟ್ ಲಿಮಿಟೆಡ್ ಕಂಪನಿ ಮಾಡಿಕೊಂಡರೆ 2013ರ ಕಂಪನಿ ಕಾಯ್ದೆ ಅನ್ವಯಿಸುತ್ತದೆ. ಸದಸ್ಯರು 200 ಮೀರುವಂತಿಲ್ಲ. ಹೊಸಬರಿಗೆ ಶೇರ್ ಕೊಡಬೇಕಾದರೆ ಯಾರ‍್ಯಾರಿಗೆ ಅಂತ ಮೊದಲೇ ಹೆಸರು ಗುರುತಿಸಿ ಅವರಿಗೆ ಮಾತ್ರ ಪತ್ರ ಕೊಡಬೇಕು, ಅದೂ ವರ್ಷಕ್ಕೆ 200 ಜನರ ಒಳಗೆ. ದುಡ್ಡು ಬೇರೆಯೇ ಬ್ಯಾಂಕ್ ಖಾತೆಯಲ್ಲಿರಬೇಕು. 60 ದಿನದೊಳಗೆ ಶೇರ್ ಕೊಡಬೇಕು, ಆಗದಿದ್ದರೆ ಮುಂದಿನ 15 ದಿನದಲ್ಲಿ ವಾಪಸ್. ತಡವಾದರೆ 12 ಪರ್ಸೆಂಟ್ ಬಡ್ಡಿ. ಎಲ್ಲಕ್ಕಿಂತ ಮುಖ್ಯ, ಜಾಹೀರಾತು ಕೊಡುವಂತಿಲ್ಲ. "ಬನ್ನಿ, ನಮ್ಮ ಬಾರ್‌ನ ಪಾಲುದಾರರಾಗಿ" ಅಂತ ಇನ್‌ಸ್ಟಾಗ್ರಾಮ್‌ನಲ್ಲಿ ಒಂದು ರೀಲ್ ಹಾಕಿದರೆ ಅದೇ ತಪ್ಪು.

ಜಾಹೀರಾತು ಇಲ್ಲದೆ ಗುಟ್ಟಾಗಿ ಕ್ರೌಡ್‌ಫಂಡ್ ಮಾಡಲು ಆಗುವುದೇ ಇಲ್ಲ.

ರೀಲ್ ಬೇಡ. ವಾಟ್ಸಾಪ್ ಗ್ರೂಪ್‌ನಲ್ಲಿ ಹಾಕಬಹುದಲ್ಲ?

ಗ್ರೂಪ್‌ನಲ್ಲಿ ಇರುವವರು ನಿಮ್ಮ ಏಳೆಂಟು ಜನ ಗೆಳೆಯರಾದರೆ ಅದು ಗೆಳೆಯರ ಮಾತುಕತೆ. ಐನೂರು ಜನರ ಗೇಮಿಂಗ್ ಗ್ರೂಪ್ ಆದರೆ ಅಲ್ಲ. ಒಂದು ಸ್ಕ್ರೀನ್‌ಶಾಟ್ ಸಾಕು, ಎಲ್ಲಿಗೆ ಬೇಕಾದರೂ ತಲುಪುತ್ತದೆ.

ತಿಂಗಳಿಗೆ ಇಷ್ಟು ಪರ್ಸೆಂಟ್ ಅಂತ ವಾಪಸ್ ಕೊಡ್ತೀವಿ ಅಂದ್ರೆ?

ಆ ಮಾತನ್ನು ಬಾಯಿ ಬಿಟ್ಟು ಹೇಳಲೂಬೇಡಿ. ಅನಿಯಂತ್ರಿತ ಠೇವಣಿ ಯೋಜನೆಗಳನ್ನು ನಿಷೇಧಿಸುವ ಕೇಂದ್ರದ ಕಾಯ್ದೆ 2019ರಿಂದ ಇದೆ. ಠೇವಣಿದಾರರ ರಕ್ಷಣೆಗೆ ಅಂತ ಕರ್ನಾಟಕದ್ದೇ ಕಾಯ್ದೆ 2004ರಿಂದ ಇದೆ. ಲಾಭದ ಆಸೆ ತೋರಿಸಿ ಸಾವಿರಾರು ಜನರ ದುಡ್ಡು ಮುಳುಗಿಸಿದ ಐಎಂಎ ಹಗರಣವನ್ನು ಬೆಂಗಳೂರಿನವರು ಇನ್ನೂ ಮರೆತಿಲ್ಲ. ನಿಮ್ಮ ಉದ್ದೇಶ ಎಷ್ಟೇ ಒಳ್ಳೆಯದಿರಲಿ, ಕಾಗದದ ಮೇಲೆ ಎರಡೂ ಒಂದೇ ಥರ ಕಾಣುತ್ತವೆ.

ಪಾರ್ಟ್ನರ್‌ಶಿಪ್ ಮಾಡ್ಕೋಬಹುದಾ?

ಮಾಡಬಹುದು. ಮಾಮೂಲಿ ಪಾಲುದಾರಿಕೆಯಲ್ಲಿ 50 ಜನರವರೆಗೆ ಇರಬಹುದು. ಆದರೆ ಅಲ್ಲಿ ಸಾಲ ಒಬ್ಬನ ಕುತ್ತಿಗೆಗೆ ಬಂದರೆ ಎಲ್ಲರ ಕುತ್ತಿಗೆಗೂ ಬರುತ್ತದೆ. ಎಲ್‌ಎಲ್‌ಪಿಯಲ್ಲಿ (ಸೀಮಿತ ಹೊಣೆಯ ಪಾಲುದಾರಿಕೆ) ಆ ಭಯ ಕಮ್ಮಿ. ನನ್ನ ಅನುಭವದಲ್ಲಿ ಬಾರ್‌ಗೆ ನಾಲ್ಕೈದು ಪಾಲುದಾರರೇ ಜಾಸ್ತಿ. ಒಬ್ಬನಿಗೆ ಮ್ಯೂಸಿಕ್ ಜೋರಾಯಿತು, ಇನ್ನೊಬ್ಬನ ಭಾವಮೈದ ದಿನಾ ಬಂದು ಫ್ರೀ ಕುಡಿಯುತ್ತಾನೆ, ಮೂರನೆಯವನಿಗೆ ಅವನ ಇಷ್ಟದ ಗೇಮ್ ಯಾಕೆ ಇಟ್ಟಿಲ್ಲ ಅಂತ ಕೋಪ. ಇದನ್ನು ಐವತ್ತರಿಂದ ಗುಣಿಸಿ.

ಚೀಟಿ ಎತ್ತಿ ಹಾಕಿದ್ರೆ?

ನೋಂದಾಯಿತ ಚೀಟಿಯಲ್ಲಿ ನಿಮ್ಮ ಪಾಲಿನ ದುಡ್ಡು ಎತ್ತಿಕೊಂಡರೆ ಅದು ನಿಮ್ಮ ಸ್ವಂತ ದುಡ್ಡು, ಏನು ಬೇಕಾದರೂ ಮಾಡಿ. ಅದು ಕ್ರೌಡ್‌ಫಂಡಿಂಗ್ ಅಲ್ಲ. ಕಂತು ಕಟ್ಟುವುದು ನೀವೇ.

ಬ್ರೂಡಾಗ್ ಮಾಡ್ತಲ್ಲ, ಲಕ್ಷಾಂತರ ಜನರ ದುಡ್ಡಲ್ಲಿ?

ಸ್ಕಾಟ್ಲೆಂಡಿನ ಬಿಯರ್ ಕಂಪನಿ ಬ್ರೂಡಾಗ್ 2009ರಲ್ಲಿ 'ಇಕ್ವಿಟಿ ಫಾರ್ ಪಂಕ್ಸ್' ಅಂತ ಶುರು ಮಾಡಿ ಎರಡು ಲಕ್ಷಕ್ಕೂ ಜಾಸ್ತಿ ಜನರಿಗೆ ಶೇರ್ ಮಾರಿತು. ಬಾರ್‌ನಲ್ಲಿ ಡಿಸ್ಕೌಂಟ್, ವಾರ್ಷಿಕ ಸಭೆ ಅಂದರೆ ಜಾತ್ರೆ. 2017ರಲ್ಲಿ ಟಿಎಸ್‌ಜಿ ಅನ್ನುವ ಅಮೆರಿಕದ ಹೂಡಿಕೆ ಸಂಸ್ಥೆ ದೊಡ್ಡ ಮೊತ್ತ ಹಾಕಿತು. ಅವರಿಗೆ ಸಿಕ್ಕಿದ್ದು ಆದ್ಯತೆಯ ಶೇರು, ವರ್ಷಕ್ಕೆ 18 ಪರ್ಸೆಂಟ್ ಚಕ್ರಬಡ್ಡಿ ಲೆಕ್ಕದಲ್ಲಿ. ಅಂದರೆ ಕಂಪನಿ ಮಾರಾಟವಾದರೆ ಮೊದಲ ಪಂಕ್ತಿ ಅವರದ್ದು. ಮೊದಲು ನಂಬಿ ದುಡ್ಡು ಕೊಟ್ಟ ಸಣ್ಣವರು ಕೊನೇ ಪಂಕ್ತಿಗೆ ಹೋದರು. ಬ್ರೂಡಾಗ್ ನೋಡಿ ಕಲಿಯಬೇಕಾದ್ದು ಇದೆ, ಆದರೆ ಅದು ದುಡ್ಡು ಎತ್ತುವ ಪಾಠ ಅಲ್ಲ.

ಲೈಸೆನ್ಸ್‌ಗೆ ಎಷ್ಟು ಬೇಕು? ಅದನ್ನೇ ಟಾರ್ಗೆಟ್ ಇಟ್ಕೊಂಡ್ರೆ?

ಬಾರ್ ಅಂದರೆ ಕರ್ನಾಟಕದಲ್ಲಿ ಸಿಎಲ್-9 ಅನ್ನುವ ಅಬಕಾರಿ ಲೈಸೆನ್ಸ್ ಬೇಕು. ವಸತಿಗೃಹ ಇರುವ ಹೋಟೆಲ್‌ಗಾದರೆ ಸಿಎಲ್-7, ಅದಕ್ಕೆ ಇಂತಿಷ್ಟು ರೂಮ್ ಇರಲೇಬೇಕು. ಕೆಲವರು "ಹಾಗಾದ್ರೆ ಮೇಲೆ ರೂಮ್, ಕೆಳಗೆ ಗೇಮ್" ಅಂತ ಹೊರಡುತ್ತಾರೆ. ಆಗ ನೀವು ಗೇಮ್ ಬಾರ್ ಮಾಡುತ್ತಿಲ್ಲ, ಲಾಡ್ಜ್ ಕಟ್ಟುತ್ತಿದ್ದೀರಿ.

ಸಿಎಲ್-9ರ ಕತೆ ಗೊತ್ತಿರಬೇಕು. 1992ರಿಂದ ಸರ್ಕಾರ ಹೊಸದು ಕೊಡುವುದನ್ನು ನಿಲ್ಲಿಸಿತು. ಇರುವುದೇ ಕೈಯಿಂದ ಕೈಗೆ ಹೋಗಬೇಕು. ಹಾಗಾಗಿ ಸರ್ಕಾರಕ್ಕೆ ಕಟ್ಟುವ ವರ್ಷದ ಫೀಸು ಒಂದು ಕಡೆ, ಲೈಸೆನ್ಸ್ ಬಿಟ್ಟುಕೊಡಲು ಹಳಬರು ಕೇಳುವ ರೇಟು ಇನ್ನೊಂದು ಕಡೆ. ಬೆಂಗಳೂರಲ್ಲಿ ಈ ಎರಡನೆಯದು ಕೋಟಿಗಳ ಮಾತು. ಹಂಚಿಕೆಯಾಗದೆ ಉಳಿದ ಲೈಸೆನ್ಸ್‌ಗಳನ್ನು ಇ-ಹರಾಜು ಹಾಕುವ ಮಾತು 2025-26ರ ರಾಜ್ಯ ಬಜೆಟ್‌ನಲ್ಲಿ ಬಂತು. ಹರಾಜು ಅಂದ ಮೇಲೆ ಪಕ್ಕದಲ್ಲಿ ಕೈ ಎತ್ತುವವರು ಹತ್ತು ಬಾರ್ ಇಟ್ಟುಕೊಂಡ ಹಳೇ ಹುಲಿಗಳು. ನೀವು ಸಾವಿರ ರೂಪಾಯಿ ಲೆಕ್ಕದಲ್ಲಿ ಎತ್ತಿದ ದುಡ್ಡು ಹಿಡಿದುಕೊಂಡು ಅಲ್ಲಿ ಕೂರಬೇಕು.

ಮೂರನೇ ದಾರಿ, ಬೇರೆಯವರ ಲೈಸೆನ್ಸ್ ಮೇಲೆ ನಡೆಸುವುದು. ನಡೆಯುತ್ತಿದೆ, ಎಲ್ಲರಿಗೂ ಗೊತ್ತು. ಆದರೆ ಕಾಗದದ ಮೇಲೆ ಬಾರ್ ಅವರದ್ದೇ. ನಿಮ್ಮ ಗಿರಾಕಿಗಳು ಕೊಟ್ಟ ದುಡ್ಡಲ್ಲಿ ಇನ್ನೊಬ್ಬರ ಹೆಸರಿನ ಬಾರ್‌ಗೆ ಇಂಟೀರಿಯರ್ ಮಾಡಿಸುತ್ತೀರಿ. ಒಂದು ದಿನ ಅವರು "ಸಾಕು, ಜಾಗ ಖಾಲಿ ಮಾಡಿ" ಅಂದರೆ ನಿಮ್ಮ ಕೈಯಲ್ಲಿ ಉಳಿಯುವುದು ಜಾಯ್‌ಸ್ಟಿಕ್ ಮಾತ್ರ.

ಇನ್ನೂ ಕೆಲವು ಸಣ್ಣ ಸಂಗತಿ. ಶಾಲೆ, ಆಸ್ಪತ್ರೆ, ದೇವಸ್ಥಾನ-ಮಸೀದಿ-ಚರ್ಚ್‌ಗಳಿಂದ 100 ಮೀಟರ್ ದೂರ ಇರಬೇಕು. ಬೆಂಗಳೂರಿನ ಒಳ ಬೀದಿಗಳಲ್ಲಿ ಅಳತೆ ಟೇಪ್ ಹಿಡಿದು ನಿಂತರೆ ಗೊತ್ತಾಗುತ್ತದೆ ಅದೆಷ್ಟು ಕಷ್ಟ ಅಂತ. ಅಬಕಾರಿ ವರ್ಷ ಜುಲೈ 1ರಿಂದ ಜೂನ್ 30. ಅಕ್ಟೋಬರ್‌ನಲ್ಲಿ ಲೈಸೆನ್ಸ್ ಕೈಗೆ ಬಂದರೂ ಮುಂದಿನ ಜುಲೈಗೆ ಮತ್ತೆ ಕಟ್ಟಬೇಕು. ಇದರ ಮೇಲೆ ಪಾಲಿಕೆಯ ಟ್ರೇಡ್ ಲೈಸೆನ್ಸ್, ಆಹಾರಕ್ಕೆ ಎಫ್‌ಎಸ್‌ಎಸ್‌ಎಐ, ಅಗ್ನಿಶಾಮಕದವರ ಒಪ್ಪಿಗೆ, ಹಾಡು ಹಾಕಿದರೆ ಅದರ ಹಕ್ಕಿನ ಫೀಸು. ಸಾರ್ವಜನಿಕ ಮನರಂಜನೆ ನಡೆಯುವ ಜಾಗಗಳ ಮೇಲೆ 1963ರ ಪೊಲೀಸ್ ಕಾಯ್ದೆಯಲ್ಲಿ ಕಮಿಷನರ್‌ಗೆ ಅಧಿಕಾರ ಇದೆ, ಗೇಮ್ ಮಷೀನ್ ಇಡುವ ಮುಂಚೆ ಅಲ್ಲೂ ವಿಚಾರಿಸಿ.

ಇದರಲ್ಲಿ ಯಾವುದು ಯಾವಾಗ ಬರುತ್ತದೆ ಅಂತ ತಾರೀಖು ಹೇಳಲು ನಿಮ್ಮಿಂದ ಆಗುವುದಿಲ್ಲ. ದುಡ್ಡು ಕೇಳುವ ಕ್ಯಾಂಪೇನ್ ಪುಟದಲ್ಲಿ "ದಸರಾಗೆ ಓಪನಿಂಗ್" ಅಂತ ಬರೆದರೆ ಯುಗಾದಿಗೆ ಬೈಗುಳ ತಿನ್ನುತ್ತೀರಿ.

ಸರಿ, ಶೇರ್ ಕೊಡಲ್ಲ. ದುಡ್ಡು ಕೊಟ್ಟವರಿಗೆ ಫ್ರೀ ಬಿಯರ್ ಕೊಟ್ರೆ?

ಲೈಸೆನ್ಸ್ ಇಲ್ಲದೆ ಬಿಯರ್‌ಗೆ ಮುಂಗಡ ದುಡ್ಡು ತೆಗೆದುಕೊಂಡರೆ ಅದನ್ನು ಅಬಕಾರಿ ಇಲಾಖೆ ಏನು ಅಂತ ಕರೆಯುತ್ತದೆ ಯೋಚಿಸಿ. ಮದ್ಯದ ಜಾಹೀರಾತು ಬೇರೆ ತಲೆನೋವು. ಕ್ಯಾಂಪೇನ್‌ನಲ್ಲಿ ಮದ್ಯದ ಸುದ್ದಿಯೇ ಬೇಡ. ಆಟದ ಸಮಯ ಮಾರಿ, ಊಟ ಮಾರಿ, ಟೀ-ಶರ್ಟ್ ಮಾರಿ. ಮಷೀನ್ ಮೇಲೆ ಹಿತ್ತಾಳೆ ಫಲಕದಲ್ಲಿ ಹೆಸರು ಕೆತ್ತಿಸಿ ಕೊಡಿ. ನಮ್ಮ ಜನಕ್ಕೆ ಹೆಸರು ಕೆತ್ತಿಸುವುದು ಬಲು ಇಷ್ಟ, ದೇವಸ್ಥಾನದ ಟ್ಯೂಬ್‌ಲೈಟ್ ನೋಡಿಲ್ಲವೇ.

ಇದನ್ನೆಲ್ಲ ಮುಂಗಡವಾಗಿ ವೋಚರ್ ಮಾಡಿ ಮಾರುವಾಗ ಎರಡು ವಿಷಯ. ಒಂದು, ಕಂಪನಿ ಮಾಡಿಕೊಂಡಿದ್ದರೆ, ಮುಂಗಡ ತೆಗೆದುಕೊಂಡ ದುಡ್ಡಿಗೆ 365 ದಿನದೊಳಗೆ ಸೇವೆ ಕೊಟ್ಟು ಚುಕ್ತಾ ಮಾಡಬೇಕು. ಇಲ್ಲದಿದ್ದರೆ ಅದು ಠೇವಣಿ ಅನ್ನಿಸಿಕೊಳ್ಳುವ ಅಪಾಯ ಇದೆ. ಲೈಸೆನ್ಸ್‌ಗೆ ಕಾಯುತ್ತಾ ಕೂತರೆ ಈ ವರ್ಷ ಸುಮ್ನೆ ಕರಗಿ ಹೋಗುತ್ತದೆ. ಎರಡು, ಸಾವಿರ ರೂಪಾಯಿ ವೋಚರ್ ಅಂದರೆ ನಿಮ್ಮ ಕೈಗೆ ಸಾವಿರ ಬಂದ ಹಾಗಲ್ಲ. ಮೇಲಿನ ಲೆಕ್ಕದ ಪ್ರಕಾರ ಅದರಲ್ಲಿ ನಾನೂರು ರೂಪಾಯಿ ಮಾಲು ನೀವು ಮುಂದೆ ಬಡಿಸಬೇಕು. ಸಾವಿರವನ್ನೂ ಮಷೀನ್‌ಗೆ ಸುರಿದರೆ ಓಪನಿಂಗ್ ತಿಂಗಳು ಹಾಲ್ ಫುಲ್, ಗಲ್ಲಾ ಖಾಲಿ. ಅಡುಗೆಯವರಿಗೆ, ತರಕಾರಿಯವನಿಗೆ ಕೊಡಲು ಆ ತಿಂಗಳ ದುಡ್ಡು ಬೇರೆ ಎತ್ತಿಟ್ಟಿರಬೇಕು.

ಮನೇಲಿರೋ ಪ್ಲೇಸ್ಟೇಷನ್ ತಂದು ಇಟ್ರೆ ಆಯ್ತಲ್ಲ?

ನಿಮ್ಮ ಮನೆಗೆ ಅಂತ ಕೊಟ್ಟ ಗೇಮ್ ಅದು. ಸೋನಿ, ನಿಂಟೆಂಡೊ, ಮೈಕ್ರೋಸಾಫ್ಟ್‌ನವರ ಒಪ್ಪಂದಗಳಲ್ಲಿ ಸ್ವಂತ ಬಳಕೆಗೆ ಮಾತ್ರ, ವ್ಯಾಪಾರಕ್ಕಲ್ಲ ಅಂತ ಇರುತ್ತದೆ. ನಾವು ಓದದೆ 'ಒಪ್ಪಿದೆ' ಒತ್ತುತ್ತೇವೆ, ಅಷ್ಟೇ. ಜಪಾನ್‌ನಲ್ಲಿ ಗೇಮ್ ಬಾರ್‌ಗಳು ಬೀದಿಗೊಂದು ಇದ್ದ ಕಾಲದಲ್ಲಿ, 2018ರ ಜೂನ್‌ನಲ್ಲಿ, ಕ್ಯೋಟೊ ಮತ್ತು ಕೋಬೆ ಕಡೆಯ ಬಾರ್ ನಡೆಸುವವರನ್ನು ಹಕ್ಕುಸ್ವಾಮ್ಯ ಉಲ್ಲಂಘನೆ ಅಂತ ಪೊಲೀಸರು ಬಂಧಿಸಿದರು. ಅದಾದ ಮೇಲೆ ಎಷ್ಟೋ ಬಾರ್‌ಗಳು ತಾವಾಗೇ ಮುಚ್ಚಿದವು.

ನಮ್ಮಲ್ಲಿ ಸಾಮಾನ್ಯವಾಗಿ ಕಾಣುವುದು ಇನ್ನೊಂದು ಥರ. ಬಡಗಿ ಹತ್ತಿರ ಎಂಡಿಎಫ್ ಡಬ್ಬ ಮಾಡಿಸಿ ಒಳಗೆ 'ಪಂಡೋರಾ ಬಾಕ್ಸ್' ಬೋರ್ಡ್ ಹಾಕುವುದು. ಒಂದೇ ಬೋರ್ಡ್‌ನಲ್ಲಿ ಸಾವಿರಾರು ಗೇಮ್, ಹಕ್ಕುದಾರರ ಅನುಮತಿ ಇಲ್ಲದೆ ತುಂಬಿದ್ದು. ಚಿಕ್ಕಂದಿನಲ್ಲಿ ನಾವು ಆಡುತ್ತಿದ್ದ '9999 ಇನ್ 1' ಕ್ಯಾಸೆಟ್‌ನ ಮೊಮ್ಮಗ ಅದು. ಮನೆಯಲ್ಲಿ ಮಜಾ, ಅಂಗಡಿಯಲ್ಲಿ ಸಜಾ. 1957ರ ಕಾಪಿರೈಟ್ ಕಾಯ್ದೆಯ 63ನೇ ಕಲಮಿನಲ್ಲಿ ಆರು ತಿಂಗಳಿಂದ ಮೂರು ವರ್ಷ ಜೈಲು, ಐವತ್ತು ಸಾವಿರದಿಂದ ಎರಡು ಲಕ್ಷ ದಂಡ ಇದೆ.

ಸರಿಯಾದ ದಾರಿಗಳೂ ಇವೆ. ಅಂಗಡಿಯಲ್ಲಿ ಇಡಲೆಂದೇ ಮಾಡಿದ ಅಸಲಿ ಆರ್ಕೇಡ್ ಮಷೀನ್ ತನ್ನಿ. 2013ರಲ್ಲಿ ಬಂದ 'ಕಿಲ್ಲರ್ ಕ್ವೀನ್' ಐದೈದು ಜನರ ಎರಡು ತಂಡ ಒಟ್ಟಿಗೆ ಆಡುವ ಮಷೀನ್, ಬಾರ್‌ಗೆ ಹೇಳಿ ಮಾಡಿಸಿದ್ದು. ಅದಕ್ಕಿಂತ ಸುಲಭ, ಸಣ್ಣ ಗೇಮ್ ಕಂಪನಿಗಳಿಗೆ ಇಮೇಲ್ ಬರೆದು ಅನುಮತಿ ಕೇಳಿ. ಬೆಂಗಳೂರಲ್ಲೇ ಎಷ್ಟೊಂದು ಜನ ಗೇಮ್ ಮಾಡುತ್ತಿದ್ದಾರೆ. ತಮ್ಮ ಆಟ ನಾಲ್ಕು ಜನ ಆಡಲಿ ಅಂತ ಕಾಯುತ್ತಿರುತ್ತಾರೆ. ಲಿಖಿತ ಒಪ್ಪಿಗೆ ತೆಗೆದುಕೊಂಡು ಫೈಲ್‌ನಲ್ಲಿ ಇಡಿ.

ಗೋಡೆ ಮೇಲೆ ಮಾರಿಯೋ ಚಿತ್ರ ಬರೆಸಬಹುದಾ?

ನಿಂಟೆಂಡೊದವರು ಇಂಥ ವಿಷಯದಲ್ಲಿ ಸುಮ್ಮನೆ ಬಿಡುವ ಪೈಕಿ ಅಲ್ಲ. ಕಾಕ್‌ಟೇಲ್‌ಗೆ ಅವರ ಪಾತ್ರದ ಹೆಸರು ಇಡುವುದೂ ಬೇಡ. ಅಂದಹಾಗೆ 'ಬಾರ್ಕೇಡ್' ಅನ್ನುವುದೂ ಅಮೆರಿಕದಲ್ಲಿ ಮೇಲೆ ಹೇಳಿದ ಬ್ರೂಕ್ಲಿನ್ ಬಾರ್‌ನ ಕಂಪನಿಯ ಟ್ರೇಡ್‌ಮಾರ್ಕ್. ನಿಮ್ಮದೇ ಒಂದು ಹೆಸರು ಹುಡುಕಿಕೊಳ್ಳಿ.

ಹಳೇ ಮಷೀನ್ ಇಟ್ಟರೆ ನಿರ್ವಹಣೆ ಕಷ್ಟನಾ?

ಈ ಪ್ರಶ್ನೆ ಬಂದರೆ ನನಗೆ ಖುಷಿ. ಉತ್ತರ ಉದ್ದವಾದರೆ ಕ್ಷಮಿಸಿ.

ಮೊದಲ ಶತ್ರು ಬಿಯರ್. ಕಂಟ್ರೋಲ್ ಪ್ಯಾನೆಲ್ ಮೇಲೆ ಒಂದು ಗ್ಲಾಸ್ ಉರುಳಿತು ಅನ್ನಿ. ಬಟನ್ ಸುತ್ತಲಿನ ಸಂದಿನಲ್ಲಿ ಇಳಿದು ಕೆಳಗಿನ ಮೈಕ್ರೋಸ್ವಿಚ್‌ಗೆ ಹೋಗುತ್ತದೆ. ಆ ರಾತ್ರಿ ಏನೂ ಗೊತ್ತಾಗುವುದಿಲ್ಲ. ಮಾರನೇ ದಿನ ಒಣಗಿದ ಮೇಲೆ ಅಂಟು ಹಿಡಿದು, ಒತ್ತಿದ ಬಟನ್ ಮೇಲೆ ಬರಲು ಅರ್ಧ ಸೆಕೆಂಡ್ ತಗೊಳ್ಳುತ್ತದೆ. 'ಟಿಕ್' ಅನ್ನುವ ಸದ್ದು ಮಂಕಾಗುತ್ತದೆ. ಪ್ಯಾನೆಲ್ ಎತ್ತಿ, ಒಂದೊಂದೇ ಸ್ವಿಚ್ ಬಿಚ್ಚಿ, ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ ಮತ್ತೆ ಕೂರಿಸಬೇಕು. ಬಿಯರ್ ಪರವಾಗಿಲ್ಲ, ಕೋಲಾ ಬೆರೆಸಿದ ರಮ್ ಚೆಲ್ಲಿದರೆ ಸ್ವಿಚ್ ಬದಲಾಯಿಸುವುದೇ ವಾಸಿ. ಗ್ಲಾಸ್ ಇಡಲು ಮಷೀನ್‌ನ ಪಕ್ಕದಲ್ಲಿ, ಪ್ಯಾನೆಲ್‌ಗಿಂತ ಒಂದು ಗೇಣು ಕೆಳಗೆ, ಪುಟ್ಟ ಸ್ಟ್ಯಾಂಡ್ ಹೊಡೆಸಿ. ಈ ಒಂದು ಹಲಗೆ ಉಳಿಸುವಷ್ಟು ದುಡ್ಡನ್ನು ಯಾವ ಇನ್ಶೂರೆನ್ಸೂ ಉಳಿಸುವುದಿಲ್ಲ.

ಎರಡನೆಯದು ಟಿವಿ. 'ಡಕ್ ಹಂಟ್' ಗನ್ ಹಿಡಿದು ಬಾತುಕೋಳಿ ಹೊಡೆಯುವ ಆಸೆ ಎಲ್ಲರಿಗೂ. ಆ ಗನ್ ಎಲ್‌ಇಡಿ ಟಿವಿ ಮುಂದೆ ಕೆಲಸ ಮಾಡುವುದಿಲ್ಲ, ಹಳೇ ಡಬ್ಬ ಟಿವಿಯೇ ಬೇಕು. ಗುಜರಿಯಲ್ಲಿ ಈಗಲೂ ಸಿಗುತ್ತವೆ. ಆದರೆ ರಿಪೇರಿ ಗೊತ್ತಿರುವ ಮೆಕ್ಯಾನಿಕ್‌ಗಳಿಗೆ ವಯಸ್ಸಾಗಿದೆ. ಪಿಕ್ಚರ್ ಟ್ಯೂಬ್ ಹೊಸದು ಬರುವುದಿಲ್ಲ. ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌ಪಿ ರೋಡ್‌ನಲ್ಲಿ ಫ್ಲೈಬ್ಯಾಕ್ ಅನ್ನುವ ಹಳೇ ಟಿವಿಯ ಬಿಡಿಭಾಗ ಕೇಳಿದರೆ ಹುಡುಗರು ಮುಖ ಮುಖ ನೋಡುತ್ತಾರೆ, ಒಳಗಿಂದ ಹಿರಿಯರೊಬ್ಬರು ಎದ್ದು ಬರಬೇಕು. ಅವರ ನಂಬರ್ ಇಸ್ಕೊಳ್ಳಿ, ಹಬ್ಬಕ್ಕೆ ಸ್ವೀಟ್ ಬಾಕ್ಸ್ ಕಳಿಸಿ.

ಟೂರ್ನಮೆಂಟ್ ಇಟ್ಟು ಗೆದ್ದವರಿಗೆ ದುಡ್ಡು ಕೊಡಬಹುದಾ?

ಪಣ ಕಟ್ಟಿಸಬೇಡಿ. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಗೇಮ್‌ಗಳನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ಕಾಯ್ದೆ ಮಾಡಿ ನಿಷೇಧಿಸಿತು. ಆಟ ಕೌಶಲದ್ದೋ ಅದೃಷ್ಟದ್ದೋ ಅನ್ನುವ ವಾದ ಕೋರ್ಟ್‌ನಲ್ಲಿ ವರ್ಷಗಟ್ಟಲೆ ನಡೆದಿದೆ. ಶುಕ್ರವಾರ ರಾತ್ರಿ ಹತ್ತು ಗಂಟೆಗೆ ಬಾಗಿಲಲ್ಲಿ ನಿಂತ ಎಸ್‌ಐಗೆ ಅದನ್ನು ವಿವರಿಸುವ ಉಸಾಬರಿ ಯಾಕೆ? ಒಂದು ಕಪ್ ಕೊಡಿ, ಗೋಡೆ ಮೇಲೆ ಫೋಟೋ ಹಾಕಿ, ಬಿರಿಯಾನಿ ಕೊಡಿ.

ಕಾಲೇಜು ಹುಡುಗರೇ ನಮ್ಮ ಗಿರಾಕಿಗಳು. ತೊಂದರೆ ಇಲ್ಲ ತಾನೇ?

ಇದೆ. ಕರ್ನಾಟಕದಲ್ಲಿ ಮದ್ಯ ಕೊಡಲು 21 ತುಂಬಿರಬೇಕು. ಗೇಮ್ ಅಂದರೆ ಹದಿನೆಂಟು-ಹತ್ತೊಂಬತ್ತರವರೇ ಜಾಸ್ತಿ ಬರುವುದು, ಕ್ಯಾಂಪೇನ್‌ಗೆ ಐನೂರು-ಸಾವಿರ ಕೊಡುವವರಲ್ಲೂ ಅವರೇ ಜಾಸ್ತಿ. ನಿಮಗೆ ದುಡ್ಡು ಕೊಟ್ಟವರನ್ನೇ ಬಾಗಿಲಲ್ಲಿ ಐಡಿ ನೋಡಿ ವಾಪಸ್ ಕಳಿಸಬೇಕಾಗುತ್ತದೆ. ವೋಚರ್ ಮಾರುವಾಗಲೇ ವಯಸ್ಸು ಕೇಳಿ. ನಿಮ್ಮ ಪಟ್ಟಿಯಲ್ಲಿ ಅರ್ಧ ಜನ ಇಪ್ಪತ್ತೊಂದರ ಕೆಳಗಿದ್ದರೆ ನಿಮಗೆ ಬೇಕಾಗಿರುವುದು ಬಾರ್ ಅಲ್ಲ, ಒಳ್ಳೇ ಕಾಫಿ ಸಿಗುವ ಗೇಮ್ ಕೆಫೆ. ಅಬಕಾರಿ ಲೈಸೆನ್ಸ್‌ನ ಗೋಜೇ ಇರುವುದಿಲ್ಲ. ಈ ಪಟ್ಟಿ ನೋಡಿ ಕೆಫೆ ಕಡೆ ತಿರುಗಿದವರು ಆಮೇಲೆ ಬೇಜಾರು ಮಾಡಿಕೊಂಡಿದ್ದನ್ನು ನಾನು ಕಂಡಿಲ್ಲ.

ಕಿಕ್‌ಸ್ಟಾರ್ಟರ್‌ನಲ್ಲಿ ಹಾಕಬಹುದಾ?

ಭಾರತದ ವಿಳಾಸ, ಭಾರತದ ಬ್ಯಾಂಕ್ ಖಾತೆ ಇಟ್ಟುಕೊಂಡು ಅಮೆರಿಕದ ಆ ಕ್ರೌಡ್‌ಫಂಡಿಂಗ್ ವೆಬ್‌ಸೈಟ್‌ನಲ್ಲಿ ಕ್ಯಾಂಪೇನ್ ಶುರು ಮಾಡಲಾಗುವುದಿಲ್ಲ. ಅವರ ದೇಶಗಳ ಪಟ್ಟಿಯಲ್ಲಿ ನಾವಿಲ್ಲ. ಆದರೆ ಅವರ ಒಂದು ನಿಯಮ ಕದಿಯಬಹುದು. ಗುರಿ ಮುಟ್ಟಿದರೆ ಪೂರ್ತಿ ದುಡ್ಡು, ಮುಟ್ಟದಿದ್ದರೆ ಯಾರ ದುಡ್ಡೂ ಕಡಿತ ಆಗುವುದಿಲ್ಲ. ಆರು ಲಕ್ಷ ಬೇಕಾದ ಕಡೆ ಎರಡು ಲಕ್ಷ ಬಂದರೆ ಅದು ಅತಿ ಅಪಾಯದ ಮೊತ್ತ. ಖರ್ಚಾಗುತ್ತದೆ, ಕೆಲಸ ಆಗುವುದಿಲ್ಲ. ಪೇಮೆಂಟ್ ಗೇಟ್‌ವೇ ಕಡಿತವನ್ನೂ ಗುರಿಯೊಳಗೇ ಸೇರಿಸಿಕೊಳ್ಳಿ.

ಅಮೆರಿಕದಲ್ಲಿರೋ ಫ್ರೆಂಡ್ಸ್ ಡಾಲರ್ ಹಾಕ್ತೀವಿ ಅಂತಾರೆ.

ಶೇರ್ ಆದರೆ ವಿದೇಶಿ ವಿನಿಮಯದ ನಿಯಮ, ರಿಸರ್ವ್ ಬ್ಯಾಂಕಿಗೆ ವರದಿ ಎಲ್ಲ ಬರುತ್ತದೆ. ಜಯನಗರದಲ್ಲಿರುವ ತಮ್ಮನಿಗೆ ಒಂದು ವೋಚರ್ ಕೊಡಿಸಿ ಅನ್ನಿ, ಸುಲಭ.

ಗುರಿ ಮುಟ್ಟದಿದ್ರೆ ಮರ್ಯಾದೆ ಹೋಗಲ್ವಾ?

ಹೋಗುವುದಿಲ್ಲ. ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್‌ನವರು 'ರಾಜಿ' ಅನ್ನುವ ಗೇಮ್‌ಗೆ 2017ರಲ್ಲಿ ಕಿಕ್‌ಸ್ಟಾರ್ಟರ್ ಮಾಡಿದರು. ಗುರಿ ಮುಟ್ಟಲಿಲ್ಲ. 2020ರಲ್ಲಿ ಗೇಮ್ ಬಿಡುಗಡೆಯಾಯಿತು, ಜಗತ್ತಿನಾದ್ಯಂತ ಜನ ಆಡಿದರು. ಬಾರ್ ವಿಷಯದಲ್ಲಂತೂ ಗುರಿ ಮುಟ್ಟದಿರುವುದು ಕೆಲವೊಮ್ಮೆ ಲಾಭ. ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟ ಮೇಲೆ ಗೊತ್ತಾಗುವುದು ಅದಕ್ಕೂ ಮೊದಲೇ ಬಿಟ್ಟಿಯಾಗಿ ಗೊತ್ತಾಯಿತು.

ಹಾಗಾದ್ರೆ ನಾಳೆ ಬೆಳಗ್ಗೆ ಎದ್ದು ಏನು ಮಾಡ್ಲಿ?

ಮಂಗಳವಾರ ಖಾಲಿ ಹೊಡೆಯುವ, ಲೈಸೆನ್ಸ್ ಇರುವ ಒಂದು ಬಾರ್ ಹುಡುಕಿ. ಸಂಜೆ ಏಳಕ್ಕೆ ಹೋಗಿ ಕೂತರೆ ಯಾವುದು ಅಂತ ಗೊತ್ತಾಗುತ್ತದೆ. ಓನರ್ ಅಥವಾ ಮ್ಯಾನೇಜರ್ ಹತ್ತಿರ ಮಾತಾಡಿ. ಮೂಲೆಯ ನಾಲ್ಕು ಟೇಬಲ್ ನನಗೆ ಕೊಡಿ, ಮಂಗಳವಾರ ಮಾತ್ರ. ಮಷೀನ್ ನಂದು, ಆಟದ ಫೀಸು ನಂದು. ಊಟ-ಕುಡಿತದ ಬಿಲ್ ಪೂರ್ತಿ ನಿಮ್ಮದು. ಆ ಮೂಲೆಯ ಬಿಲ್ ಎಷ್ಟಾಯಿತು ಅಂತ ರಾತ್ರಿ ನನಗೆ ತೋರಿಸಬೇಕು, ಅಷ್ಟೇ. ಮದ್ಯದ ದುಡ್ಡು ಒಂದು ರೂಪಾಯಿಯೂ ನಿಮ್ಮ ಕೈಗೆ ಬರಬಾರದು. ಇದನ್ನು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ.

ಕ್ರೌಡ್‌ಫಂಡ್ ಮಾಡುವುದಾದರೆ ಈ ಮೂಲೆಗೆ ಮಾಡಿ. ಎರಡು ಮಷೀನ್, ಎರಡು ಡಬ್ಬ ಟಿವಿ, ಗ್ಲಾಸ್ ಸ್ಟ್ಯಾಂಡ್, ಸಾಗಾಣಿಕೆ ಟೆಂಪೋ. ಕೊಟ್ಟವರಿಗೆ ಹತ್ತು ಮಂಗಳವಾರದ ಆಟದ ಪಾಸ್. ಮಷೀನ್ ನಿಮ್ಮ ಹೆಸರಲ್ಲೇ ಇರುತ್ತದೆ, ಬಾರ್‌ನವರ ಜೊತೆ ಮನಸ್ತಾಪ ಬಂದರೆ ಟೆಂಪೋಗೆ ಹಾಕಿ ಬೇರೆ ಬಾರ್‌ಗೆ ಒಯ್ಯಬಹುದು.

ಮಳೆಗಾಲದ ಒಂದು ಮಂಗಳವಾರ, ಕ್ರಿಕೆಟ್ ಮ್ಯಾಚ್ ಇರುವ ಒಂದು ಮಂಗಳವಾರ, ತಿಂಗಳ ಕೊನೆಯ ಒಂದು ಮಂಗಳವಾರ ಇವು ಮೂರೂ ದಾಟಲಿ. ಮೊದಲ ಸಲ ಗೆಳೆಯರು ಬರುತ್ತಾರೆ, ಅವರನ್ನು ಲೆಕ್ಕಕ್ಕೆ ಹಿಡಿಯಬೇಡಿ. ನಿಮಗೆ ಹೆಸರು ಗೊತ್ತಿಲ್ಲದವರು ಎಷ್ಟು ಜನ ಎರಡನೇ ಸಲ ಬಂದರು, ಅವರ ಬಿಲ್ ಎಷ್ಟಾಯಿತು ಅನ್ನುವುದನ್ನು ಮಾತ್ರ ಬರೆದಿಟ್ಟುಕೊಳ್ಳಿ. ಆ ಪುಸ್ತಕ ತಗೊಂಡು ಬನ್ನಿ, ಆಮೇಲೆ ಸಿಎಲ್-9 ರೇಟು ಮಾತಾಡೋಣ.